ಬೆರಳು ಓದುವ ನೋಟು

ಕಣ್ಣು ಕಾಣದವರು ಕಾಗದದ ನೋಟಿನ ಬೆಲೆಯನ್ನು ಅದರ ಅಳತೆಯಿಂದ, ಮೇಲೆ ಉಬ್ಬಿ ನಿಂತ ಗುರುತಿನಿಂದ ಅಥವಾ ಇನ್ನೊಬ್ಬರ ಮಾತಿನಿಂದ ತಿಳಿಯುತ್ತಾರೆ. ಇವುಗಳಲ್ಲಿ ಯಾವುದನ್ನು ಎಷ್ಟು ನೆಚ್ಚಬಹುದು ಎಂಬ ಬಗ್ಗೆ, ದೃಷ್ಟಿಹೀನನಾದ ಪ್ರಸ್ತುತ ಲೇಖಕನು ಕಾರವಾರದ ಮೀನುಪೇಟೆ, ರವಿವಾರದ ಸಂತೆ ಮತ್ತು ಅಂಕೋಲೆಯ ತರಕಾರಿ ಪೇಟೆಗಳಲ್ಲಿ ಹಲವು ವರ್ಷ ವ್ಯವಹರಿಸಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಹೇಳಲಾಗಿದೆ.

ಉಬ್ಬು ಗುರುತನ್ನು ಮೂಡಿಸುವ ವಿಧಾನಕ್ಕೆ ಇಂಟಾಗ್ಲಿಯೋ ಎಂದು ಹೆಸರು. ಲೋಹದ ಫಲಕದಲ್ಲಿ ಕೊರೆದ ಗೆರೆಗಳಿಗೆ ಶಾಯಿ ತುಂಬಿ, ಕಾಗದವನ್ನು ಅದರ ಮೇಲೆ ಬಲವಾಗಿ ಒತ್ತಿದಾಗ ಶಾಯಿ ಉಬ್ಬಿ ನಿಲ್ಲುತ್ತದೆ. 1996ರಲ್ಲಿ ಆರಂಭವಾದ ಮಹಾತ್ಮ ಗಾಂಧಿ ಸರಣಿಯಲ್ಲಿ 50 ರೂಪಾಯಿಗೆ ಚೌಕ, 100ಕ್ಕೆ ತ್ರಿಕೋನ, 500ಕ್ಕೆ ವೃತ್ತ ಇದ್ದವು. 2016ರ ನವೆಂಬರ್ ನಂತರದ ಹೊಸ ಸರಣಿಯಲ್ಲಿ ಉಬ್ಬು ಗುರುತು 100 ಮತ್ತು ಅದಕ್ಕೆ ಮೇಲ್ಪಟ್ಟ ನೋಟುಗಳಿಗೆ ಮಾತ್ರ ಉಳಿದಿದ್ದು, ಅವುಗಳ ಅಂಚಿನಲ್ಲಿ ಓರೆಗೆರೆಗಳಿವೆ: 100ಕ್ಕೆ ನಾಲ್ಕು, 200ಕ್ಕೆ ನಾಲ್ಕು ಗೆರೆಗಳ ನಡುವೆ ಎರಡು ವೃತ್ತ, 500ಕ್ಕೆ ಐದು. ಸಂತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೈ ಬದಲಾಯಿಸುವ 10, 20, 50ರ ಹೊಸ ನೋಟುಗಳಿಗೆ ಇವಾವುವೂ ಇಲ್ಲ. ಇರುವ ಗುರುತೂ ಕರಾವಳಿಯಲ್ಲಿ ಬಹಳ ದಿನ ಬಾಳುವುದಿಲ್ಲ. ಮಳೆಗಾಲದ ತೇವಕ್ಕೆ ಮೆತ್ತಗಾಗಿ, ಮೀನು ಮಾರುವವರ ಒದ್ದೆ ಕೈಗಳಲ್ಲಿ ಹಾದು, ಸೊಂಟದ ಸಂಚಿಯಲ್ಲಿ ಮಡಚಿ ಕೂತ ನೋಟಿನಲ್ಲಿ ತ್ರಿಕೋನವೂ ವೃತ್ತವೂ ಬೆರಳಿಗೆ ಒಂದೇ ಆಗುತ್ತವೆ. ಉಬ್ಬು ಸವೆಯುತ್ತದೆ, ಅಳತೆ ಸವೆಯುವುದಿಲ್ಲ ಎಂಬುದು ಮೊದಲ ಪಾಠ.

ಆದರೆ ಅಳತೆಯಲ್ಲೂ ತೊಡಕುಂಟು. ಹೊಸ ಸರಣಿಯಲ್ಲಿ 50ರಿಂದ 500ರವರೆಗಿನ ನೋಟುಗಳೆಲ್ಲ 66 ಮಿ.ಮೀ. ಅಗಲವಿದ್ದು, 100ರ ಉದ್ದ 142, 200ರದು 146, 500ರದು 150 ಮಿ.ಮೀ. ಆಗಿದೆ. ಹತ್ತು ಮತ್ತು ಇಪ್ಪತ್ತರ ನಡುವೆ 6 ಮಿ.ಮೀ. ಅಂತರವಿದ್ದರೆ, ತಪ್ಪಿದರೆ ಮುನ್ನೂರು ರೂಪಾಯಿ ಹೋಗುವ ಕಡೆ ಇರುವುದು ನಾಲ್ಕೇ. ಇದರ ಜೊತೆಗೆ ಇನ್ನೂ ಚಲಾವಣೆಯಲ್ಲಿರುವ ಹಳೆಯ 100ರ ನೋಟು 157 ಮಿ.ಮೀ. ಉದ್ದವಿದ್ದು ಹೊಸ 500ಕ್ಕಿಂತಲೂ ದೊಡ್ಡದು. ಆದ್ದರಿಂದ ಮೊದಲು ಅಗಲವನ್ನು ನೋಡಬೇಕು; ಅದು 73 ಮಿ.ಮೀ. ಇದ್ದರೆ ಹಳೆಯ ಸರಣಿಯದೆಂದು ತಿಳಿದು, ಆಮೇಲೆ ಉದ್ದಕ್ಕೆ ಹೋಗಬೇಕು. ಕಚ್ಚು ಹಾಕಿದ ರಟ್ಟಿನ ಪಟ್ಟಿಯೊಂದು ಕಿಸೆಯಲ್ಲಿದ್ದರೆ ಈ ಕೆಲಸ ಸುಲಭ.

ಬೆಲೆ ಖಚಿತವಾದ ಕೂಡಲೇ ನೋಟನ್ನು ಗುರುತಾಗಿ ಮಡಚಿಡುವುದು ಎರಡನೆಯ ಪಾಠ: 100ನ್ನು ಮಡಚದೆ, 200ನ್ನು ಅಡ್ಡಕ್ಕೆ, 500ನ್ನು ಉದ್ದಕ್ಕೆ. ಈ ಶಿಸ್ತು ತಪ್ಪಿದ ಒಂದು ದಿನ ಲೇಖಕನು ಬಂಗಡೆಗೆ 200 ಎಂದು 500 ಕೊಟ್ಟಿದ್ದನು; ಮಾರುವಾಕೆ ಕರೆದು ಹಿಂದಿರುಗಿಸಿದ್ದರಿಂದ ನಷ್ಟವಾಗಲಿಲ್ಲ. ಆಕೆಯ ಪ್ರಾಮಾಣಿಕತೆ ದೊಡ್ಡದು, ಆದರೆ ಎದುರಿನವರ ಒಳ್ಳೆಯತನವನ್ನೇ ಅಳತೆಗೋಲು ಮಾಡಿಕೊಳ್ಳಬೇಕಾದ ಸ್ಥಿತಿ ನೋಟಿನ ಕೊರತೆಯೇ ಸರಿ.

ಮೂರನೆಯದು ಮಾತು. ರಿಸರ್ವ್ ಬ್ಯಾಂಕು 2020ರ ಜನವರಿ 1ರಂದು ಬಿಡುಗಡೆ ಮಾಡಿದ ಮಣಿ ಎಂಬ ಆ್ಯಪ್, ಮೊಬೈಲಿನ ಕ್ಯಾಮೆರಾಕ್ಕೆ ನೋಟನ್ನು ಹಿಡಿದರೆ ಇಂಟರ್ನೆಟ್ ಇಲ್ಲದೆಯೂ ಬೆಲೆಯನ್ನು ಕೂಗಿ ಹೇಳುತ್ತದೆ. ಮನೆಯಲ್ಲಿ ಕೂತು ಹಣ ವಿಂಗಡಿಸಲು ಅದು ಒಳ್ಳೆಯ ಸಾಧನ. ಒಂದು ಕೈಯಲ್ಲಿ ಬಿಳಿ ಕೋಲು, ಇನ್ನೊಂದರಲ್ಲಿ ಮೀನಿನ ಚೀಲ ಹಿಡಿದು ಸರದಿಯಲ್ಲಿ ನಿಂತವನಿಗೆ ಮೊಬೈಲು ಹಿಡಿಯಲು ಮೂರನೆಯ ಕೈ ಬೇಕಾಗುತ್ತದೆ.

ನೋಟಿನ ಹಿಂಬದಿಯ ಪಟ್ಟಿಯಲ್ಲಿ ಬೆಲೆಯನ್ನು ಹದಿನೈದು ಭಾಷೆಗಳಲ್ಲಿ ಬರೆದಿದ್ದು, ಕಾರವಾರದ ಕನ್ನಡವೂ ಕೊಂಕಣಿಯೂ ಅದರಲ್ಲಿವೆ. ಬೆರಳಿಗೆ ಅಷ್ಟು ಭಾಷೆ ಬೇಕಿಲ್ಲ. ಹಳೆಯ ಸರಣಿಯ 100 ಮತ್ತು 500ರ ನಡುವೆ ಇದ್ದ ಹತ್ತು ಮಿಲಿಮೀಟರು ಮರಳಿ ಬಂದರೆ ಸಾಕು.