ನೆಗೆಯುವ ಜೀನುಗಳೂ ಬೆಂಕಿರೋಗವೂ

ಕೃಷ್ಣರಾಜನಗರದಲ್ಲಿ ಚಾಮರಾಜ ನಾಲೆಗಳ ನೀರುಂಡು ಬೆಳೆಯುವ ಬತ್ತವನ್ನೂ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹೊಲದ ರಾಗಿಯನ್ನೂ ಬಲ್ಲ ನಮ್ಮ ವಾಚಕಿಯರಿಗೆ ಬೆಂಕಿರೋಗವೆಂಬ ಹೆಸರು ಹೊಸದಲ್ಲ. ಎಲೆಗಳ ಮೇಲೆ, ನೂಲುವ ಕದಿರಿನಂತೆ ಎರಡು ತುದಿಯೂ ಚೂಪಾದ ಮಚ್ಚೆಗಳೇಳುವುವು. ನಡುವೆ ಬೂದಿಬಣ್ಣ, ಅಂಚಿನಲ್ಲಿ ಕಂದು. ರೋಗವು ತೆನೆಯ ಕುತ್ತಿಗೆಗೆ ಹತ್ತಿತೆಂದರೆ ಕಾಳು ಜೊಳ್ಳಾಗುವುದು. ಇದು ಬಿಸಿಲಿನ ಕೆಲಸವಲ್ಲ, ಕೆಟ್ಟ ಕಣ್ಣಿನದೂ ಅಲ್ಲ. ಮ್ಯಾಗ್ನಪೋರ್ತೆ ಒರೈಜೆ ಎಂಬ ಶಿಲೀಂಧ್ರದ ಕೃತ್ಯ. ಬತ್ತವನ್ನು ಕೆಡಿಸುವ ಬಳಗ ಬೇರೆ, ರಾಗಿಯನ್ನು ಕೆಡಿಸುವ ಬಳಗ ಬೇರೆಯಾದರೂ ಜಾತಿಯು ಒಂದೇ.

ಈ ರೋಗವನ್ನು ತಡೆಯುವ ತಳಿಗಳನ್ನು ವಿಜ್ಞಾನಿಗಳು ಸಿದ್ಧಪಡಿಸಿರುವರು, ರಾಗಿಯಲ್ಲಿ ಜಿ.ಪಿ.ಯು. 28 ಅಂತಹುದು. ಆದರೆ ರೋಗಕ್ಕೆ ಜಗ್ಗದೆ ನಿಂತ ಬತ್ತದ ತಳಿಯೊಂದು ಕೆಲವು ವರ್ಷಗಳಲ್ಲಿಯೇ ಸೋತುಹೋಗುವುದುಂಟು. ಬೀಜ ಅದೇ, ನೆಲ ಅದೇ, ಬದಲಾದದ್ದು ಶಿಲೀಂಧ್ರ. ಅದು ಬದಲಾಗುವ ಬಗೆಗಳಲ್ಲಿ ಒಂದನ್ನು ಇಲ್ಲಿ ವಿಚಾರಿಸುವೆವು.

ಇದಕ್ಕೆ ಮೊದಲು ಮುಸುಕಿನ ಜೋಳದ ಸಂಗತಿಯನ್ನು ತಿಳಿಯಬೇಕು. ಜೀವಿಗಳ ಲಕ್ಷಣಗಳನ್ನು ತಲೆಮಾರಿನಿಂದ ತಲೆಮಾರಿಗೆ ಒಯ್ಯುವ ಡಿ.ಎನ್.ಎ. ಎಂಬ ನೂಲಿನಲ್ಲಿ ಜೀನುಗಳು ಪೋಣಿಸಿದ ಮಣಿಗಳಂತೆ ತಂತಮ್ಮ ಸ್ಥಾನದಲ್ಲಿಯೇ ಇರುವುವೆಂದು ಹಿಂದೆ ಭಾವಿಸಿದ್ದರು. ಅಮೆರಿಕೆಯ ಬಾರ್ಬರಾ ಮ್ಯಾಕ್ಲಿಂಟಾಕ್ ಎಂಬ ವಿದುಷಿಯು 1940ರ ದಶಕದಲ್ಲಿ ಜೋಳದ ಕಾಳುಗಳ ಬಣ್ಣದ ಚುಕ್ಕೆಗಳನ್ನು ಪರೀಕ್ಷಿಸಿ, ಕೆಲವು ತುಣುಕುಗಳು ಸ್ಥಾನ ಬಿಟ್ಟು ಸ್ಥಾನಕ್ಕೆ ನೆಗೆಯುವುವೆಂದು ಕಂಡುಹಿಡಿದರು. ಬಹುಕಾಲ ಹೆಚ್ಚಿನವರು ಕಿವಿಗೊಡಲಿಲ್ಲ. ಆಕೆ ತಮ್ಮ ಹೊಲವನ್ನು ಬಿಡಲೂ ಇಲ್ಲ. 1983ರಲ್ಲಿ, 81ನೆಯ ವಯಸ್ಸಿನಲ್ಲಿ, ವೈದ್ಯಶಾಸ್ತ್ರದ ನೊಬೆಲ್ ಬಹುಮಾನವು ಆಕೆಯೊಬ್ಬರಿಗೇ ಸಂದಿತು.

ಬೆಂಕಿರೋಗದ ಶಿಲೀಂಧ್ರದ ಡಿ.ಎನ್.ಎ. ಬರೆಹವು 2005ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮತ್ತೆ ಮತ್ತೆ ಬರುವ ತುಣುಕುಗಳೇ. ಅವುಗಳಲ್ಲಿ ಹೆಚ್ಚಿನವು ಈ ನೆಗೆಯುವ ಬಗೆಯವು. ಕೆಲವು ಇದ್ದಲ್ಲಿಂದ ಕಿತ್ತು ಬೇರೆಡೆ ಸೇರುವುವು. ಕೆಲವು ತಾವಿದ್ದಲ್ಲಿಯೇ ಇದ್ದು ತಮ್ಮ ಪ್ರತಿಯನ್ನು ಬೇರೆಡೆ ಸೇರಿಸುವುವು. ಈ ಎರಡನೆಯ ಬಗೆಯ ಒಂದು ತುಣುಕು ರಾಗಿಯ ಕುಲದ ಹುಲ್ಲುಗಳಿಗೆ ತಗಲುವ ಶಿಲೀಂಧ್ರಗಳಲ್ಲಿ ದೊರೆಯಿತು. ಅದನ್ನು 1993ರಲ್ಲಿ ವರ್ಣಿಸಿದವರು ಅದಕ್ಕೆ ಮಿಡತೆಯೆಂದೇ ಹೆಸರಿಟ್ಟರು! ಹೆಸರು ಬಲು ಸೊಗಸಾಗಿ ಹೊಂದಿದೆ.

ಈಗ ತಳಿಯು ಸೋಲುವ ವಿಷಯ. ಜಪಾನಿನ ಯಾಶಿರೊ-ಮೊಚಿ ಎಂಬ ಬತ್ತದಲ್ಲಿ ಪಿ-ಟಾ ಎಂಬ ಕಾವಲು ಜೀನುಂಟು. ಶಿಲೀಂಧ್ರದ ಒಂದು ಜೀನು ಮಾಡುವ ಪದಾರ್ಥವನ್ನು ಅದು ಗುರುತು ಹಿಡಿದೊಡನೆ, ರೋಗ ಮುಟ್ಟಿದ ಜೀವಕೋಶಗಳು ತಾವೇ ಸತ್ತು ಶತ್ರುವಿಗೆ ದಾರಿಗಟ್ಟುವುವು. ಪಾಟ್-3 ಎಂಬ ತುಣುಕು ಶಿಲೀಂಧ್ರದ ಆ ಜೀನಿನ ಮುಂಭಾಗಕ್ಕೆ, ಎಂದರೆ ಅದಕ್ಕೆ ಅಪ್ಪಣೆ ಕೊಡುವ ಭಾಗಕ್ಕೆ, ನೆಗೆದು ಕುಳಿತುದನ್ನು 2001ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಜೀನು ಮೂಕವಾಯಿತು, ಕಾವಲುಗಾರನು ಗುರುತಿಸಬೇಕಾದ ಮುಖವೇ ಇಲ್ಲವಾಯಿತು, ರೋಗವು ಒಳಹೊಕ್ಕಿತು.

ಶಿಲೀಂಧ್ರವು ಯೋಚಿಸಿ ಹೀಗೆ ಮಾಡಿತೆಂದು ತಿಳಿಯಬಾರದು. ನೆಗೆತಗಳಲ್ಲಿ ಹಲವು ನಿಷ್ಫಲ, ಹಲವು ಶಿಲೀಂಧ್ರಕ್ಕೇ ಹಾನಿಕರ. ಆದರೆ ಒಂದೊಂದು ಮಚ್ಚೆಯೂ ಸಾವಿರಾರು ಕಣಗಳನ್ನು ಗಾಳಿಗೆ ಬಿಡುವಾಗ, ಎಲ್ಲಿಯೋ ಒಂದು ಕಣಕ್ಕೆ ಅನುಕೂಲವಾದರೆ ಸಾಕು. ಆ ಒಂದರ ಸಂತತಿಯೇ ಗದ್ದೆಯನ್ನು ತುಂಬುವುದು. ಆದುದರಿಂದಲೇ ತಳಿಗಾರರು ಈಗ ಒಂದೇ ಕಾವಲು ಜೀನನ್ನು ನಂಬದೆ, ಎರಡು ಮೂರನ್ನು ಒಂದೇ ಬತ್ತದಲ್ಲಿ ಕೂಡಿಸುವರು. ಒಂದೇ ಕಣದಲ್ಲಿ ಅಷ್ಟು ಬದಲಾವಣೆಗಳೂ ಒಟ್ಟಿಗೆ ಒದಗುವುದು ಬಹು ವಿರಳ.