ನಾಲೆಯ ನೀರೂ ಗ್ರಾಮಗಳ ಅಭ್ಯುದಯವೂ

ಕೃಷ್ಣರಾಜಸಾಗರದ ಕಟ್ಟೆಯ ಕೆಲಸವು 1911ರಲ್ಲಿ ಪ್ರಾರಂಭವಾಯಿತು. ಅಲ್ಲಿಂದ ಹೊರಡುವ ಇರ್ವಿನ್ ನಾಲೆಯು, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯು, ಹುಲಿಕೆರೆಯ ಸುರಂಗವನ್ನು ದಾಟಿ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗೆ ನೀರನ್ನು ತಂದಿತು. ಅದಕ್ಕೆ ಮುಂಚೆ ಈ ಸೀಮೆಯ ಬಹುಭಾಗವು ರಾಗಿ, ಹುರುಳಿಗಳ ಖುಷ್ಕಿ ಭೂಮಿಯಾಗಿದ್ದು, ಕೆರೆಗಳ ಕೆಳಗೆ ಮಾತ್ರ ಗದ್ದೆಗಳಿದ್ದವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾದ ಮೇಲೆ ಕಬ್ಬಿನಿಂದ ರೈತನ ಕೈಗೆ ನಗದು ಹಣವೂ ಬರತೊಡಗಿತು.

ಆದರೆ ನಾಲೆಯ ಯೋಜನೆಯಲ್ಲಿ ನೀರಿನಷ್ಟೇ ಮುಖ್ಯವಾದುದು ಅದರ ಹಂಚಿಕೆ. ಸರ್ ಎಂ. ವಿಶ್ವೇಶ್ವರಯ್ಯನವರ ಬ್ಲಾಕ್ ಪದ್ಧತಿಯಂತೆ ಜಮೀನಿನ ಮೂರರಲ್ಲೊಂದು ಭಾಗ ಬತ್ತ, ಒಂದು ಭಾಗ ಕಬ್ಬು, ಒಂದು ಭಾಗ ರಾಗಿಯಂತಹ ಅರೆಖುಷ್ಕಿ ಪೈರು, ಹೀಗೆ ಮೂರು ವರ್ಷಗಳ ಸರದಿಯನ್ನು ಏರ್ಪಡಿಸಲಾಗಿತ್ತು. ಬರುಬರುತ್ತಾ ಈ ಕಟ್ಟು ಸಡಿಲವಾಗಿ ಬತ್ತ, ಕಬ್ಬುಗಳೇ ಹೆಚ್ಚಿದವು.

ಇದರ ಪರಿಣಾಮವನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಎಕರೆಗೆ ಒಂದು ಅಂಗುಲ ನೀರೆಂದರೆ 3,630 ಘನ ಅಡಿ. ಮಳೆಯೂ ಸೇರಿ ರಾಗಿಗೆ ಸುಮಾರು 16 ಅಂಗುಲ, ಬತ್ತಕ್ಕೆ 48, ಕಬ್ಬಿಗೆ 80 ಅಂಗುಲ ನೀರು ಬೇಕೆಂದು ಹಿಡಿದರೆ, ಒಂದು ಎಕರೆ ಬತ್ತದ ನೀರಿನಲ್ಲಿ ಮೂರು ಎಕರೆ, ಒಂದು ಎಕರೆ ಕಬ್ಬಿನ ನೀರಿನಲ್ಲಿ ಐದು ಎಕರೆ ರಾಗಿ ಬೆಳೆಯುತ್ತದೆ. ಮಣ್ಣು, ಹವೆಗಳಿಗೆ ತಕ್ಕಂತೆ ಇದರಲ್ಲಿ ಏರುಪೇರುಂಟು.

ನಾಲೆಯ ತಲೆಭಾಗದಲ್ಲಿ ಅಗತ್ಯಕ್ಕೆ ಮೀರಿ ಕಟ್ಟಿದ ನೀರು ಇಳುವರಿಯನ್ನು ಹೆಚ್ಚಿಸದು. ತಗ್ಗಿನ ಗದ್ದೆಯು ಜೌಗಾಗಿ, ಕಡೆಗೆ ಚೌಳು ಹಿಡಿಯುತ್ತದೆ. ಅದೇ ಸಮಯದಲ್ಲಿ ಮದ್ದೂರು, ಮಳವಳ್ಳಿಗಳ ಕೊನೆಭಾಗದ ರೈತನ ಬತ್ತವು ತೆನೆ ಬಿಡುವಾಗ ನೀರಿಲ್ಲದೆ ಒಣಗಿದರೆ, ಬೀಜ, ಗೊಬ್ಬರ, ಕೂಲಿಗಳೆಲ್ಲವೂ ವ್ಯರ್ಥವಾಗಿ ಸಾಲ ಮಾತ್ರ ಉಳಿಯುತ್ತದೆ. ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕಾವೇರಿಯ ನೀರಿನಲ್ಲಿ ಕರ್ನಾಟಕಕ್ಕೆ 284.75 ಟಿ.ಎಂ.ಸಿ. ಪಾಲನ್ನು ಗೊತ್ತುಮಾಡಿದೆ. ಆದುದರಿಂದ ಇರುವ ನೀರನ್ನು ಮಿತವಾಗಿ ಬಳಸುವುದೇ ಉಳಿದ ಮಾರ್ಗ.

ನೀರೊಂದರಿಂದಲೇ ಗ್ರಾಮಾಭಿವೃದ್ಧಿಯು ಪೂರ್ಣವಾಗುವುದಿಲ್ಲವೆಂಬುದಕ್ಕೂ ಈ ಸೀಮೆಯಲ್ಲೇ ನಿದರ್ಶನವಿದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿಯು 1954ರಿಂದ 1956ರವರೆಗೆ ಮಂಡ್ಯದ ಬಳಿಯ ಎರಡು ಹಳ್ಳಿಗಳನ್ನು ಅಭ್ಯಸಿಸಿ, 1962ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ನೀರಾವರಿ ದೊರೆತ ಹಳ್ಳಿಯು ಬೇಸಾಯದಲ್ಲೇ ಬಲಗೊಂಡಿತು. ನೀರು ಹತ್ತದ ಹಳ್ಳಿಯ ಜನರು ಮಂಡ್ಯ ಪಟ್ಟಣದ ಉದ್ಯೋಗ, ವ್ಯಾಪಾರಗಳನ್ನು ಹಿಡಿದು ಏಳಿಗೆ ಕಂಡರು. ನೀರಾವರಿಯ ರೈತನೂ ಬತ್ತ, ಕಬ್ಬುಗಳನ್ನೇ ನಂಬದೆ ರೇಷ್ಮೆ, ಹೈನುಗಾರಿಕೆಗಳಿಗೆ ಗಮನ ಕೊಡುವುದು ಶ್ರೇಯಸ್ಕರ.

ರೈತರು ಅನುಸರಿಸತಕ್ಕ ಕ್ರಮಗಳು:

1. ಬತ್ತದ ನಾಟಿಯಾದ ಎರಡು ವಾರಗಳ ತರುವಾಯ ಸದಾ ನೀರು ನಿಲ್ಲಿಸಬಾರದು. ಮೇಲಿನ ನೀರು ಇಂಗಿ ಕೂದಲೆಳೆಯಷ್ಟು ಬಿರುಕು ಕಂಡಾಗ ಎರಡು ಅಂಗುಲ ನೀರು ಕಟ್ಟಿದರೆ ಸಾಕು. ಹೂಬಿಡುವಾಗ ಮಾತ್ರ ತೆಳುವಾಗಿ ನೀರು ನಿಂತಿರಬೇಕು.

2. ಕಬ್ಬಿಗೆ ಸಾಲುಬಿಟ್ಟು ಸಾಲಿನಲ್ಲಿ ನೀರು ಹಾಯಿಸಿ, ಒಣಗರಿಯನ್ನು ಸುಡದೆ ಸಾಲುಗಳಲ್ಲಿ ಹೊದಿಸತಕ್ಕದ್ದು. ಅನುಕೂಲವಿದ್ದವರು ಹನಿ ನೀರಾವರಿಯನ್ನು ಅಳವಡಿಸಿಕೊಳ್ಳಬಹುದು.

3. ಬಸಿಗಾಲುವೆಗಳ ಹೂಳನ್ನು ವರ್ಷಕ್ಕೊಮ್ಮೆ ತೆಗೆಯತಕ್ಕದ್ದು.

4. ರಾಗಿ, ಉದ್ದು, ಅಲಸಂದೆಗಳನ್ನು ಸರದಿಯಲ್ಲಿ ಸೇರಿಸತಕ್ಕದ್ದು.

5. ನೀರು ಬಳಕೆದಾರರ ಸಹಕಾರ ಸಂಘದಲ್ಲಿ ಸೇರಿ, ಕೊನೆಯ ತೂಬಿನಿಂದ ಮೊದಲ್ಗೊಂಡು ಸರದಿಯನ್ನು ನಿಶ್ಚಯಿಸತಕ್ಕದ್ದು.

ತಲೆಭಾಗದ ರೈತನು ಉಳಿಸಿದ ಒಂದೊಂದು ಅಂಗುಲವೂ ಕೊನೆಭಾಗದ ಕುಟುಂಬಕ್ಕೆ ಅನ್ನವಾಗುತ್ತದೆ.