ಲಂಡನ್ನಿನಲ್ಲಿ ಪ್ರಾರ್ಥನೆಯ ಹೊತ್ತು

ಇಂಗ್ಲೆಂಡಿಗೆ ಓದಲು ಬಂದ ನಮ್ಮಂಥವರಿಗೆ ಶನಿವಾರ, ಭಾನುವಾರ ಎಂದರೆ ಬಟ್ಟೆ ಒಗೆಯುವುದು, ವಾರಕ್ಕಾಗುವಷ್ಟು ಸಾರು ಮಾಡಿಡುವುದು, ಬಾಕಿ ಉಳಿದ ಅಸೈನ್‌ಮೆಂಟ್ ಬರೆಯುವುದು. ಮನೆಗೆ ಫೋನ್ ಮಾಡಿದರೆ ಅಮ್ಮನದು ಒಂದೇ ಮಾತು: "ಹತ್ತಿರದಲ್ಲಿ ದೇವಸ್ಥಾನ ಇದ್ರೆ ಹೋಗಿ ಬಾರೋ." ರೂಮಿನ ಗೆಳೆಯರದು ಇನ್ನೊಂದು: "ಲಂಡನ್ ನೋಡದೇ ಊರಿಗೆ ಹೋಗ್ತೀಯಾ?" ಎರಡೂ ಒಟ್ಟಿಗೇ ಆಗಲಿ ಎಂದು ಕೋಚ್ ಬಸ್ ಹತ್ತಿದೆ, ರೈಲಿಗಿಂತ ಅದು ಅಗ್ಗ. ಆ ಓಡಾಟದಲ್ಲಿ ತಿಳಿದುಕೊಂಡ ಕೆಲವು ಸಂಗತಿಗಳು ಮುಂದೆ ಬರುವವರಿಗೆ ಉಪಯೋಗವಾದಾವು.

ಮೊದಲನೆಯದು ದುಡ್ಡಿನ ಲೆಕ್ಕ. ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಎಂಬ ಚರ್ಚಿನಲ್ಲಿ 1066ರಿಂದ ಇಂಗ್ಲೆಂಡಿನ ದೊರೆಗಳ ಪಟ್ಟಾಭಿಷೇಕ ನಡೆಯುತ್ತ ಬಂದಿದೆ. ನ್ಯೂಟನ್, ಡಾರ್ವಿನ್ ಸಮಾಧಿಗಳು ಅಲ್ಲಿವೆ. 2018ರಲ್ಲಿ ಸ್ಟೀಫನ್ ಹಾಕಿಂಗ್ ಅವರ ಚಿತಾಭಸ್ಮವನ್ನೂ ಅವರಿಬ್ಬರ ನಡುವೆಯೇ ಇಟ್ಟರು. ಒಳಗೆ ಸುತ್ತಾಡಿ ನೋಡುವ ಟಿಕೆಟ್ಟಿನ ದುಡ್ಡಿನಲ್ಲಿ ನನ್ನ ವಾರದ ದಿನಸಿ ಬರುತ್ತದೆ. ಆದರೆ ಪ್ರಾರ್ಥನೆಗೆ ಬರುವವರಿಗೆ ಟಿಕೆಟ್ಟೇ ಇಲ್ಲ. ಈವನ್‌ಸಾಂಗ್ ಎಂಬ ಸಂಜೆಯ ಗಾಯನಪ್ರಾರ್ಥನೆಗೆ ಯಾವ ಧರ್ಮದವರಾದರೂ ಹೋಗಿ ಕೂರಬಹುದು.

ನಾನು ಸಾಲಿನಲ್ಲಿ ನಿಂತೆ. ಬಾಗಿಲಲ್ಲಿದ್ದವರು ಪ್ರಾರ್ಥನೆಯ ಹಾಳೆ ಕೊಟ್ಟು ಒಳಗೆ ಕೂರಿಸಿದರು. ಕೆಂಪು ನಿಲುವಂಗಿಯ ಹುಡುಗರು ಹಾಡಲು ಶುರುಮಾಡಿದಾಗ ಆ ಎತ್ತರದ ಕಲ್ಲುಚಾವಣಿ ಯಾಕಿದೆ ಎಂದು ಅರ್ಥವಾಯಿತು: ಒಂದು ಸಾಲು ಮುಗಿದ ಮೇಲೂ ಅದರ ದನಿ ಮೇಲೆಲ್ಲೋ ಸ್ವಲ್ಪ ಹೊತ್ತು ನಿಂತಿರುತ್ತದೆ. ಎಲ್ಲರೂ ಎದ್ದಾಗ ಎದ್ದೆ, ಕೂತಾಗ ಕೂತೆ; ಅಷ್ಟು ಸಾಕು. ಫೋಟೊ ತೆಗೆಯುವಂತಿಲ್ಲ. ಮುಗಿದ ಮೇಲೆ ಸಮಾಧಿ ನೋಡುತ್ತ ಅಡ್ಡಾಡಲೂ ಬಿಡುವುದಿಲ್ಲ. ಅದಕ್ಕೆ ಟಿಕೆಟ್ಟೇ ಬೇಕು.

ಅಲ್ಲಿಂದ ಥೇಮ್ಸ್ ದಂಡೆ ಹಿಡಿದು ನಡೆದು, ಲ್ಯಾಂಬೆತ್ ಸೇತುವೆ ದಾಟಿದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ಪಾರ್ಲಿಮೆಂಟಿನ ಆಚೆದಡದಲ್ಲಿ ನಮ್ಮ ಬಸವಣ್ಣ. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲ್ ಅವರ ಪ್ರಯತ್ನದಿಂದ ಬಂದ ಈ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಇಲ್ಲಿ ಟಿಕೆಟ್ಟೂ ಇಲ್ಲ, ಸಾಲೂ ಇಲ್ಲ. ಲಂಡನ್ನಿಗೆ ಬಂದ ಕನ್ನಡಿಗರು ಇದೊಂದನ್ನು ತಪ್ಪಿಸಬಾರದು.

ಭಾನುವಾರ ಬೆಳಿಗ್ಗೆ ನೀಸ್ಡನ್ನಿನ ಸ್ವಾಮಿನಾರಾಯಣ ಮಂದಿರ. ಬಲ್ಗೇರಿಯಾದ ಸುಣ್ಣಕಲ್ಲು, ಇಟಲಿಯ ಅಮೃತಶಿಲೆಯನ್ನು ಹಡಗಿನಲ್ಲಿ ಭಾರತಕ್ಕೆ ಸಾಗಿಸಿ, ನಮ್ಮ ಶಿಲ್ಪಿಗಳಿಂದ ಕೆತ್ತಿಸಿ, 26,300 ತುಂಡುಗಳನ್ನು ಮತ್ತೆ ಲಂಡನ್ನಿಗೆ ತಂದು ಜೋಡಿಸಿದ್ದಾರೆ. 1995ರಲ್ಲಿ ತೆರೆದ ಈ ಮಂದಿರಕ್ಕೆ ಪ್ರವೇಶ ಉಚಿತ. ದೊಡ್ಡ ಚೀಲ ಒಯ್ಯದಿರುವುದು ಒಳ್ಳೆಯದು. ನಮ್ಮೂರ ಗುಡಿಗಳಂತೆ ಮಧ್ಯಾಹ್ನ ಇಲ್ಲೂ ದರ್ಶನ ಇರುವುದಿಲ್ಲ. ಹಾಗಾಗಿ ಆರತಿಯ ಹೊತ್ತಿಗೆ ಮುಂಚೆಯೇ ತಲುಪಬೇಕು. ಕಂಬದ ಕೆತ್ತನೆ ನೋಡುತ್ತಿದ್ದವರೆಲ್ಲ ಆರತಿ ಶುರುವಾದೊಡನೆ ಒಂದೇ ಕಡೆ ಮುಖ ಮಾಡಿ ನಿಂತರು. ಪಕ್ಕದ ಗುಜರಾತಿ ಅಜ್ಜ ತಟ್ಟೆ ನನ್ನತ್ತ ದಾಟಿಸುವಾಗ ನಾನು ಎಲ್ಲಿಯವನೆಂದು ಕೇಳಲೇ ಇಲ್ಲ.

ಮಧ್ಯಾಹ್ನ ಸೌತ್‌ಹಾಲ್. 2003ರಲ್ಲಿ ತೆರೆದ, ಹೊಂಬಣ್ಣದ ಗುಮ್ಮಟದ ಶ್ರೀ ಗುರು ಸಿಂಗ್ ಸಭಾ ಗುರುದ್ವಾರದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು, ಚಪ್ಪಲಿ ಬಿಟ್ಟು, ಲಂಗರ್ ಎಂಬ ಊಟದ ಪಂಕ್ತಿಯಲ್ಲಿ ನೆಲಕ್ಕೆ ಕೂತೆ. ರೊಟ್ಟಿಯನ್ನು ತಟ್ಟೆಗೆ ಹಾಕಿಸಿಕೊಳ್ಳುವುದಲ್ಲ, ಎರಡೂ ಕೈ ಒಡ್ಡಿ ತೆಗೆದುಕೊಳ್ಳಬೇಕು. ದಾಸೋಹ ಎಂದರೇನೆಂದು ಬಲ್ಲ ಕನ್ನಡಿಗನಿಗೆ ಈ ಪಂಕ್ತಿ ಹೊಸದಲ್ಲ. ಊಟವಾದ ಮೇಲೆ ತಟ್ಟೆ ತೊಳೆಯುವಲ್ಲಿ ನಿಂತೆ. ನನ್ನ ಹಾಗೆಯೇ ಓದಲು ಬಂದ ಹುಡುಗರು ಅಲ್ಲಿದ್ದರು. ಪಾರ್ಟ್‌ಟೈಮ್ ಕೆಲಸ, ಬಾಡಿಗೆ, ವೀಸಾ ಎಂದು ಮಾತು ಬೆಳೆಯಿತು. ಕ್ಯಾಂಪಸ್ಸಿನಲ್ಲಿ ತಿಂಗಳುಗಟ್ಟಲೆ ಆಗದ ಪರಿಚಯ ಆ ಸಿಂಕಿನ ಮುಂದೆ ಆಯಿತು.

ಕಟ್ಟಡ ನೋಡಲೆಂದೇ ಹೋದರೆ ಕಟ್ಟಡವಷ್ಟೇ ಸಿಗುತ್ತದೆ; ಪ್ರಾರ್ಥನೆಗೆ ಹೋದರೆ ಅದನ್ನು ಕಟ್ಟಿಕೊಂಡ ಜನ ಸಿಗುತ್ತಾರೆ. ಓದಲು ಬಂದು ಒಂಟಿಯಾದವರಿಗೆ ಬೇಕಾದದ್ದು ಈ ಎರಡನೆಯದು. ಆದ್ದರಿಂದ ನೋಡುವ ಜಾಗಗಳ ಪಟ್ಟಿ ಮಾಡುವಾಗ ಅಲ್ಲಿ ಪ್ರಾರ್ಥನೆ ಎಷ್ಟು ಹೊತ್ತಿಗೆ ಎಂಬುದನ್ನೂ ಬರೆದುಕೊಳ್ಳಿ. ಸಮಯ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ವಿಚಾರಿಸಿ. ಚೀಲ ಹಗುರವಾಗಿರಲಿ, ತಲೆಗೆ ಕಟ್ಟಲು ಒಂದು ಬಟ್ಟೆ ಇರಲಿ, ಫೋನ್ ಜೇಬಿನಲ್ಲಿರಲಿ.